ಖಾರದ ಕುರಿಮರಿ

೧೯೭೪ ಜೂನ್ ೩, ಸೋಮವಾರ. ಹಿರಿಯೂರು

ಮಗು ದಿನಾ ಏನೇನು ತಿನ್ನುತ್ತದೆ ಬರೆದಿಡಿ ಎಂದು ದುರ್ಗದ ಆಸ್ಪತ್ರೆಯ ಡಾಕ್ಟರು ಹೇಳಿದ್ದಾರೆ. ಬರೆಯುತ್ತೇನೆ. ಬೆಳಿಗ್ಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು: ಒಂದು ಚೂರು ಬಾಯಿಗೆ ಹೋಯಿತು, ಅರ್ಧ ಹೊರಗೆ ಬಂತು. ಮಧ್ಯಾಹ್ನ ಗಂಜಿ, ಎರಡು ಚಮಚ. ಸಂಜೆ ಮತ್ತೆ ಹಾಲು ಬ್ರೆಡ್ಡು: ಬಟ್ಟಲು ತಳ್ಳಿದಳು. ಆಯಿತು, ಬರೆದೆ. ಇಷ್ಟಕ್ಕೆ ಇಷ್ಟು ದಪ್ಪ ಪುಸ್ತಕ ತಂದುಕೊಟ್ಟಿದ್ದಾರೆ ನಮ್ಮ ಮನೆಯವರು. ಉಳಿದ ಜಾಗದಲ್ಲಿ ನನ್ನ ಹೊಟ್ಟೆಯುರಿ ಬರೆದುಕೊಳ್ಳುತ್ತೇನೆ, ಯಾರು ಓದುತ್ತಾರೆ.

ನಿಂಗಿಗೆ ಆರು ವರ್ಷ. ವಿಷಮಶೀತ ಜ್ವರ ಬಿಟ್ಟು ತಿಂಗಳಾಗುತ್ತಾ ಬಂತು. ಜ್ವರ ಹೋಯಿತು, ಹಸಿವು ಮಾತ್ರ ಬರಲೇ ಇಲ್ಲ. ರಟ್ಟೆ ಹಿಡಿದರೆ ನನ್ನ ಎರಡು ಬೆರಳಿನೊಳಗೆ ಸೇರುತ್ತದೆ. ಡಾಕ್ಟರು ತೂಕ ನೋಡಿ, "ಜ್ವರ ಪೂರ್ತಿ ಹೋಗಿದೆ, ಇನ್ನು ಏನು ಬೇಕಾದರೂ ತಿನ್ನಲಿ. ಆದರೆ ತಿನ್ನಲೇಬೇಕು. ಜುಲೈ ಎಂಟಕ್ಕೆ ಕರ್ಕೊಂಡು ಬನ್ನಿ. ತೂಕ ಏರಿಲ್ಲ ಅಂದ್ರೆ ಅಡ್ಮಿಟ್ ಮಾಡ್ಕೋಬೇಕಾಗುತ್ತೆ" ಎಂದರು.

ಅಡ್ಮಿಟ್. ಅದೇ ಆಸ್ಪತ್ರೆ, ಅದೇ ಮಕ್ಕಳ ವಾರ್ಡು. ಎರಡು ವರ್ಷದ ಹಿಂದೆ ನನ್ನ ಚಿತ್ರಲಿಂಗನನ್ನು ಇದೇ ಜ್ವರಕ್ಕೆ ಅಲ್ಲಿ ಮಲಗಿಸಿದ್ದೆವು. ಏಳು ವರ್ಷದ ಹುಡುಗ. ಜ್ವರ ಬಿಟ್ಟಿತು, ಎದ್ದು ಕೂತು ನಕ್ಕ, ಮತ್ತೆ ಮರುಕಳಿಸಿತು. ಪಥ್ಯ ಕೆಟ್ಟಿರಬೇಕು ಎಂದರು ಜನ. ಯಾರು ಏನು ಕೊಟ್ಟರೋ, ಏನು ತಿಂದನೋ, ಕೊಟ್ಟರೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ನಾನು ಆ ವಾರ್ಡಿನ ಬಾಗಿಲು ಇನ್ನೊಂದು ಸಲ ದಾಟಲಾರೆ.

ಡಾಕ್ಟರಿಗೇನು, ಏನು ಬೇಕಾದರೂ ತಿನ್ನಲಿ ಅಂದುಬಿಡುತ್ತಾರೆ. ಹೆತ್ತವಳು ನಾನು. ಹಾಲು, ಬ್ರೆಡ್ಡು, ಗಂಜಿ, ಅಷ್ಟೇ. ಖಾರದ ಗಾಳಿಯೂ ಸೋಕಬಾರದು.

ಜೂನ್ ೫, ಬುಧವಾರ

ಹಾಲು ಅರ್ಧ ಲೋಟ. ಬ್ರೆಡ್ಡು ಇಲ್ಲ. ಗಂಜಿ ಇಲ್ಲ.

ಕಾಯಿಲೆಯವರನ್ನು ನೋಡಲು ಬರುವವರು ಒಂದು ಪೌಂಡು ಬ್ರೆಡ್ಡು ಹಿಡಿದು ಬರಬೇಕು, ಇದು ನಮ್ಮ ಕಡೆಯ ಪದ್ಧತಿ. ಗಟ್ಟಿಯಾಗಿರುವವರು ಬ್ರೆಡ್ಡು ಕೊಂಡರೆ "ಯಾರಿಗೆ ಹುಷಾರಿಲ್ರೀ?" ಎಂದು ದಾರಿಯಲ್ಲೇ ಕೇಳುತ್ತಾರೆ. ಆ ಪದ್ಧತಿಯಿಂದಲೇ ನಮ್ಮ ಬೇಕರಿ ನಡೆಯುವುದು, ಬೈಯುವ ಹಾಗೂ ಇಲ್ಲ. ಆದರೆ ಬೇಕರಿಯವರ ಮಗಳನ್ನೇ ನೋಡಲು ಬರುವವರು ಏನು ಮಾಡಬೇಕು? ಪಕ್ಕದ ಮನೆ ಅನ್ನಪೂರ್ಣಮ್ಮ ರಸ್ತೆ ಕಡೆಯಿಂದ ಅಂಗಡಿಗೆ ಹೋಗಿ, ಇವರ ಕೈಯಿಂದ ಬ್ರೆಡ್ಡು ಕೊಂಡು, ಹಿತ್ತಿಲ ಬಾಗಿಲಿಂದ ಒಳಗೆ ಬಂದು ಅದನ್ನೇ ನನ್ನ ಕೈಗಿಟ್ಟರು. ಇವರು ದುಡ್ಡು ಬೇರೆ ಇಸಿದುಕೊಂಡಿದ್ದಾರೆ, ನಾಚಿಕೆಯಿಲ್ಲದವರು.

"ಕುಂತ್ಕಳ್ರಿ" ಎಂದೆ. ಅವರು ನಿಂಗಿಯ ಗಲ್ಲ ಹಿಡಿದು, "ಅಯ್ಯೋ ನನ್ ಕೂಸೇ, ಥೇಟ್ ಅವರಣ್ಣ ಆಗಿದ್ದಂಗೇ ಆಗೈತಲ್ಲ ಏಕಾಂತಮ್ಮ" ಅಂದುಬಿಟ್ಟರು. ಮೈಯೆಲ್ಲ ಉರಿದುಹೋಯಿತು ನನಗೆ. "ಕೂಸಿನ ಮುಂದೆ ಏನ್ ಮಾತಾಡ್ತೀರಿ, ಎದ್ದು ಹೋಗ್ರಿ" ಅಂದೆ. ಅವರು ಮುಖ ಸಿಂಡರಿಸಿಕೊಂಡು ಹೋದರು. ನಿಂಗಿ ಬ್ರೆಡ್ಡಿನ ಕಡೆ ಒಂದು ಸಲ ನೋಡಿ ಗೋಡೆಗೆ ಮುಖ ಮಾಡಿ ಮಲಗಿದಳು.

ಜೂನ್ ೯, ಭಾನುವಾರ

ಹಾಲು ಎರಡು ಗುಟುಕು.

ಇವರು ಮಾತು ಕಡಿಮೆ. ಹುಡುಗನಾಗಿದ್ದಾಗ ದಾವಣಗೆರೆಯ ಒಂದು ಬೇಕರಿಯಲ್ಲಿ ಕೆಲಸ ಕಲಿತು ಬಂದವರು, ಮನಸ್ಸಿನಲ್ಲಿ ಇರುವುದನ್ನೆಲ್ಲ ಕೈಯಲ್ಲೇ ಹೇಳುತ್ತಾರೆ. ನಸುಕಿನಲ್ಲಿ ಒಲೆಗೆ ಜಾಲಿ ಸೌದೆ ತುಂಬಿ ಕಾಯಿಸಿ, ಕೆಂಡ ಗೋರಿ ತೆಗೆದು, ಆ ಕಾವಿಗೆ ಮೊದಲು ಬ್ರೆಡ್ಡು ಬೇಯಿಸುತ್ತಾರೆ. ಕಾವು ಸ್ವಲ್ಪ ಇಳಿದ ಮೇಲೆ ಖಾರ ಬನ್ನು, ಕೊನೆಗೆ ಬಿಸ್ಕತ್ತು. ಇವತ್ತು ಬ್ರೆಡ್ಡಿನ ಹಿಟ್ಟಿನಲ್ಲೇ ಒಂದು ಮೀನು ಮಾಡಿಕೊಂಡು ಬಂದರು. ಅಂಗೈಯಗಲದ ಮೀನು, ಚಮಚದ ತುದಿಯಿಂದ ಒತ್ತಿ ಹುರುಪೆ ಮೂಡಿಸಿದ್ದಾರೆ, ಚಂದವಿತ್ತು. ಕಣ್ಣಿಗೆ ಕಾಳುಮೆಣಸು ಇಟ್ಟಿದ್ದರು. ಬುದ್ಧಿ ಇದೆಯೇ ಈ ಮನುಷ್ಯನಿಗೆ? ಕಿತ್ತು ಎಸೆದು, ಕುರುಡು ಮೀನನ್ನು ಮಗುವಿನ ಕೈಗೆ ಕೊಟ್ಟೆ.

ನಿಂಗಿ ಮೂಸಿ ನೋಡಿದಳು. "ಇದು ಬ್ರೆಡ್ಡೇ ಅಲ್ವಾ ಅಪ್ಪ?"

"ಅಲ್ಲ ಕೂಸೇ, ಮೀನು."

"ಮೀನಿನ ಥರ ಇರೋ ಬ್ರೆಡ್ಡು" ಅಂದು ವಾಪಸ್ಸು ಕೊಟ್ಟಳು. ಇವರು ಅಲ್ಲೇ ನಿಂತು ತಾವೇ ತಿಂದರು. ಪಾಪ ಅನ್ನಿಸಿತು.

ಜೂನ್ ೧೨, ಬುಧವಾರ

ಇವರ ಮೀನು ಸೋತದ್ದು ನೋಡಿ ನನಗೆ ಹಠ ಬಂತು. ಮಧ್ಯಾಹ್ನ ಸೆರಗು ಸಿಕ್ಕಿಸಿಕೊಂಡು ನಾನೇ ಒಲೆಯ ಕೋಣೆಗೆ ಹೋದೆ. ಮದುವೆಯಾಗಿ ಇಷ್ಟು ವರ್ಷ ಬೂದಿ ಬಳಿಯಲು ಬಿಟ್ಟರೆ ಇನ್ನು ಯಾವುದಕ್ಕೂ ನಾನು ಅಲ್ಲಿಗೆ ಹೋದವಳಲ್ಲ. ಒಂದು ಆಮೆ, ಒಂದು ನವಿಲು, ಒಂದು ಹಾವು ಮಾಡಿದೆ. ಒಳಗೆ ಹೋದಾಗ ಆಮೆ, ಹೊರಗೆ ಬಂದಾಗ ಕಾಲು ಕುತ್ತಿಗೆ ಎಲ್ಲಾ ಉಬ್ಬಿ ಒಂದಾಗಿ ಬೋಂಡ. ನವಿಲು ಕತ್ತು ಮುರಿದುಕೊಂಡು ಮಲಗಿತ್ತು. ಹಾವು ಮಾತ್ರ ಹಾವಿನ ಹಾಗೇ ಬಂತು, ಹಾವು ಮಾಡಲು ಏನು ಬುದ್ಧಿ ಬೇಕು?

"ಉಬ್ಬೋ ಹಿಟ್ಟು ಅದು" ಎಂದರು ಇವರು. "ನೀನು ಸಣ್ಣದಾಗೇ ಮಾಡು, ಸುತ್ತ ಜಾಗ ಬಿಡು. ಅದು ತಾನೇ ದೊಡ್ಡದಾಗ್ತೈತೆ." ಎರಡನೇ ಸಲ ಆಮೆ ಬಂತು. ನಾಲ್ಕು ಕಾಲು, ಪುಟ್ಟ ಬಾಲ. ನಾನೇ ನಕ್ಕುಬಿಟ್ಟೆ.

ನನ್ನದು ಸಪ್ಪೆ ಹಿಟ್ಟು. ಇವರು ಸುಮ್ಮನಿರದೆ ಖಾರ ಬನ್ನಿನ ಹಿಟ್ಟಿನಲ್ಲೂ, ಈರುಳ್ಳಿ ಹಸಿಮೆಣಸಿನಕಾಯಿ ಕೊತ್ತಂಬರಿ ಹಾಕಿದ್ದರಲ್ಲಿ, ಒಂದು ತಟ್ಟೆ ಆಮೆ ಮಾಡಿ ಅಂಗಡಿಯ ಮುಂದಿಟ್ಟರು. ಶಾಲೆ ಬಿಟ್ಟ ಹೊತ್ತಿಗೆ ಒಂದೂ ಉಳಿಯಲಿಲ್ಲ. ಅನ್ನಪೂರ್ಣಮ್ಮನ ಮಗಳು ಚಂದ್ರಿ ಮೊದಲು ಕಾಲು ಮುರಿದು ತಿಂದು, ಆಮೇಲೆ ತಲೆ ತಿಂದು, ಖಾರಕ್ಕೆ ಹುಸ್ ಹುಸ್ ಅನ್ನುತ್ತಾ ಕುಣಿದಳು. ನಿಂಗಿ ಮೆಟ್ಟಿಲ ಮೇಲೆ ಕೂತು ಅವಳ ಬಾಯನ್ನೇ ನೋಡುತ್ತಿದ್ದಳು. ನನ್ನ ಸಪ್ಪೆ ಆಮೆಯನ್ನು ಕೈಗೆ ಕೊಟ್ಟೆ. ಮಡಿಲಲ್ಲಿ ಇಟ್ಟುಕೊಂಡಳು, ತಿನ್ನಲಿಲ್ಲ.

ಜೂನ್ ೧೪, ಶುಕ್ರವಾರ

ಏನೂ ತಿನ್ನಲಿಲ್ಲ. ಏನೂ ಅಂದರೆ ಏನೂ ಇಲ್ಲ.

ಜೂನ್ ೨೦, ಗುರುವಾರ. ಮಣ್ಣೆತ್ತಿನ ಅಮಾವಾಸ್ಯೆ

ಇವತ್ತು ಒಂದು ಯೋಚನೆ ಹೊಳೆಯಿತು. ಊರ ಮಕ್ಕಳೆಲ್ಲ ಮಣ್ಣಿನ ಎತ್ತು ಮಾಡುವ ದಿನ, ನಾನು ಹಿಟ್ಟಿನ ಎತ್ತು ಮಾಡಿದರೆ? ತವರಿನಲ್ಲಿ ಎತ್ತು ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಬೆನ್ನ ಮೇಲಿನ ಹಿಣಿಲು, ಕೊಂಬು, ಕುತ್ತಿಗೆಯಡಿ ಜೋಲುವ ಗಂಗೆದೊಗಲು ಎಲ್ಲಾ ತೀಡಿ ಮಾಡಿದೆ. ಒಲೆಯಿಂದ ಕೆಂಪಗೆ ಬಂತು. ನಿಂಗಿಯ ಕಣ್ಣು ಅರಳಿತು! ಎರಡೂ ಕೈ ಚಾಚಿ ಇಸಿದುಕೊಂಡಳು. ದೇವರೇ, ಇವತ್ತು ತಿನ್ನುತ್ತಾಳೆ ಎಂದುಕೊಂಡೆ.

ನೆಟ್ಟಗೆ ದೇವರ ಜಗುಲಿಗೆ ಹೋಗಿ, ಅಲ್ಲಿ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಕಣಗಿಲೆ ಹೂ ಏರಿಸಿ ಅಡ್ಡಬಿದ್ದಳು. "ತಿನ್ನವ್ವ" ಎಂದರೆ, "ಬಸವಣ್ಣನ್ನ ತಿಂತಾರೇನವ್ವ?" ಎಂದು ಕೆನ್ನೆ ಬಡಿದುಕೊಂಡಳು.

ಅಂಗಡಿಯಲ್ಲಿ ಅದಕ್ಕಿಂತ ದೊಡ್ಡ ರಾಮಾಯಣ. ನನ್ನ ಎತ್ತು ನೋಡಿ ಇವರು ಖಾರದ ಹಿಟ್ಟಿನಲ್ಲಿ ಒಂದು ತಟ್ಟೆ ತುಂಬ ಎತ್ತು ಮಾಡಿಟ್ಟಿದ್ದರು. ಹಿಂದಿನ ಬೀದಿಯ ಹಿರಿಯರು ತಿಪ್ಪೇರುದ್ರಪ್ಪನವರು ನೋಡಿ ಕೆಂಡವಾದರು. "ಲೇ ಹಾಲಸ್ವಾಮಿ, ಹಬ್ಬದ ದಿನ ಬಸವಣ್ಣನ್ನ ಮೆಣಸಿನಕಾಯಿ ಹಾಕಿ ಸುಟ್ಟು ಮಾರ್ತೀಯೇನಲೇ? ನಿನ್ ಒಲೆ ಉರೀತೈತೇನು ಇನ್ಮೇಲೆ?" ಜನ ಸೇರಿದರು. ನಾನೇ ಹೋಗಿ, "ತಪ್ಪಾತು ಯಜಮಾನ್ರೇ, ಕೂಸಿಗೋಸ್ಕರ ಮಾಡಿದ್ದು, ಹೊಟ್ಟೆಗೆ ಹಾಕ್ಕಳ್ರಿ" ಎಂದು ಕೈಮುಗಿದೆ. ಅವರು ನಿಂಗಿಯ ಮುಖ ನೋಡಿ ತಣ್ಣಗಾದರು. ಅವರು ಅತ್ತ ಹೋದದ್ದೇ ತಡ, ಇವರು ಎಲ್ಲದರ ಕೊಂಬು ಮುರಿದು ನಾಯಿ ಅಂತ ಮಾರಿದರು.

ನಾಯಿಯೂ ಖರ್ಚಾಯಿತು. ನನ್ನ ಮಗಳು ಮಾತ್ರ ಒಂದು ಲೋಟ ಮಜ್ಜಿಗೆ.

ಜೂನ್ ೨೩, ಭಾನುವಾರ

ಬಚ್ಚಲಿಗೆ ಹೋಗುವಾಗ ನಿಂಗಿ ಕಣ್ಣು ಕತ್ತಲೆ ಬಂದು ಬಿದ್ದಳು. ಎತ್ತಿದರೆ ಭಾರವೇ ಇಲ್ಲ. ಹಣೆ ಮುಟ್ಟಿದೆ, ಕುತ್ತಿಗೆ ಮುಟ್ಟಿದೆ, ಬಿಸಿ ಇದೆಯೋ ಇಲ್ಲವೋ ನನ್ನ ಕೈಗೇ ಗೊತ್ತಾಗಲಿಲ್ಲ.

ಹಾಲು ಬ್ರೆಡ್ಡು ಕಲಸಿ ತಂದೆ. ಇವರು ಬಟ್ಟಲು ಕಿತ್ತು ಕೆಳಗಿಟ್ಟರು. ಜನ್ಮದಲ್ಲಿ ಇಷ್ಟು ಜೋರಾಗಿ ಮಾತಾಡಿರಲಿಲ್ಲ. "ಡಾಕ್ಟ್ರು ಏನ್ ಬೇಕಾದ್ರೂ ಕೊಡ್ರಿ ಅಂದ್ರು. ನಿಂದು ಒಂದೇ ಪಾಠ, ಹಾಲು ಬ್ರೆಡ್ಡು, ಹಾಲು ಬ್ರೆಡ್ಡು. ಕೂಸನ್ನ ಉಪವಾಸ ಕೆಡವಿರೋದು ಜ್ವರ ಅಲ್ಲ ಕಣೇ, ನೀನು."

ನಾನು? ನಾನು ಉಪವಾಸ ಕೆಡವಿದೆನೇ? ಇವರ ಜೊತೆ ಮಾತು ಬಿಟ್ಟಿದ್ದೇನೆ. ಒಂದು ಮಗುವನ್ನು ಮಣ್ಣಿಗಿಟ್ಟು ಬಂದವಳಿಗೆ ಹೇಳುವ ಮಾತೇ ಇದು?

ಜೂನ್ ೨೫, ಮಂಗಳವಾರ

ನಿಂಗಿ ಮಲಗಿದ ಮೇಲೆ ಬರೆಯುತ್ತಿದ್ದೇನೆ.

ನಮ್ಮ ತವರು ಜವನಗೊಂಡನಹಳ್ಳಿಯಲ್ಲಿ ಅಪ್ಪನದು ಕುರಿ ಹಿಂಡು. ಅಲ್ಲಿಗೆ ಹೋದರೆ ನಿಂಗಿ ಕುರಿಮರಿಗಳ ನಡುವೆಯೇ ಮಲಗುತ್ತಿದ್ದಳು. ಅದಕ್ಕೇ ಇವತ್ತು ಕುರಿ ಮಾಡೋಣ ಎಂದುಕೊಂಡೆ. ಹಿಟ್ಟಿನ ಉಂಡೆಯ ಮೇಲೆ ಕತ್ತರಿಯ ತುದಿಯಿಂದ ಚಿಕ್ಕ ಚಿಕ್ಕದಾಗಿ ಕಚ್ಚು ಹಾಕುತ್ತಾ ಹೋದರೆ ಮೈಯೆಲ್ಲ ಉಣ್ಣೆ ಎದ್ದು ನಿಲ್ಲುತ್ತದೆ. ನಿಂಗಿ ಬಂದು ಪಕ್ಕದಲ್ಲಿ ನಿಂತಳು. "ನಾನೂ ಮಾಡ್ತೀನವ್ವ" ಎಂದಳು. ಕತ್ತರಿ ಕೊಟ್ಟೆ. ನಾಲಿಗೆ ಕಚ್ಚಿಕೊಂಡು ಕುರಿಯ ಬೆನ್ನೆಲ್ಲ ಚಿಟಿಚಿಟಿ ಮಾಡಿದಳು. "ನಮ್ ತಾತ ಉಣ್ಣೆ ತೆಗೀತಾನೆ, ನಾನು ಉಣ್ಣೆ ಬರುಸ್ತೀನಿ" ಅಂದು ನಕ್ಕಳು. ನಕ್ಕಳು!

ಆಮೇಲೆ, "ಇದಕ್ಕೆ ಖಾರ ಹಾಕಿದೀಯಾ?" ಎಂದಳು.

"ಇಲ್ಲ ಕೂಸೇ, ನಿಂಗೆ ಖಾರ ಆಗಲ್ಲ."

ಕತ್ತರಿ ಕೆಳಗಿಟ್ಟಳು. ಅಳಲಿಲ್ಲ, ಹಠ ಮಾಡಲಿಲ್ಲ. "ಹಂಗಾದ್ರೆ ನಾನೂ ಸಾಯ್ತೀನಾ?" ಎಂದಳು.

ಏನು ಹೇಳುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ. ಇವರು ಒಲೆಯ ಬಾಯಿಂದ ಎದ್ದು ಬಂದರು. "ಯಾಕವ್ವ ಹಂಗಂತೀಯ?" ಎಂದು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡರು.

"ಅಣ್ಣಂಗೂ ಖಾರ ಕೊಡ್ಲಿಲ್ಲ. ಎಲ್ರೂ ಬ್ರೆಡ್ಡು ತಂದ್ರು. ಹಾಲು ಬ್ರೆಡ್ಡು ತಿಂದ, ತಿಂದ, ಸತ್ತೋದ. ನಂಗೂ ಎಲ್ರೂ ಬ್ರೆಡ್ಡು ತರ್ತಾ ಅವ್ರೆ. ಅದು ಸಾಯೋರಿಗೆ ಕೊಡೋದು. ನಾನು ತಿನ್ನಲ್ಲ ಅಪ್ಪ. ಹುಷಾರಾಗಿರೋರೆಲ್ಲ ಖಾರ ತಿಂತಾರೆ, ಚಂದ್ರಿ ತಿಂತಾಳೆ. ನನಗೊಬ್ಬಳಿಗೇ ಅವ್ವ ಕೊಡಲ್ಲ."

ಆಗ ಅವಳಿಗೆ ನಾಲ್ಕು ವರ್ಷ. ಏನೂ ನೆನಪಿರುವುದಿಲ್ಲ ಅಂದುಕೊಂಡಿದ್ದೆ. ಸಾವಿಗೆ ಹೆದರಿ ಬಾಯಿ ಮುಚ್ಚಿಕೊಂಡು ಕೂತಿತ್ತು ನನ್ನ ಕೂಸು. ಬದುಕಬೇಕು ಅಂತಲೇ ಉಪವಾಸ ಇತ್ತು.

ಇಷ್ಟಾದರೂ ನಾನು ಇವತ್ತು ಖಾರ ಕೊಡಲಿಲ್ಲ. ಕೈ ಬರಲಿಲ್ಲ. ಮರುಕಳಿಸಿದರೆ?

ಜೂನ್ ೨೬, ಬುಧವಾರ

ಬರೆಯಲು ಆಗುವುದಿಲ್ಲ. ಹಾಲು ಒಂದು ಗುಟುಕು.

ಜೂನ್ ೨೭, ಗುರುವಾರ

ಬೆಳಿಗ್ಗೆ ಇವರಿಗೆ, "ನೋಡ್ರಿ, ಮೆಣಸಿನಕಾಯಿ ಎಲ್ಲಿಟ್ಟೀರಿ?" ಎಂದೆ. ನಾಲ್ಕು ದಿನದ ಮೇಲೆ ಆಡಿದ ಮಾತು. ತೋರಿಸಿದರು.

ಒಂದು ಮೆಣಸಿನಕಾಯಿ ತೆಗೆದುಕೊಂಡೆ. ಅರ್ಧ ಸಾಕು ಎಂದುಕೊಂಡೆ. ಅರ್ಧವನ್ನೂ ಸೀಳಿ ಒಳಗಿನದೆಲ್ಲ ತೆಗೆದು, ತೊಳೆದು, ದಾರದ ಹಾಗೆ ಹೆಚ್ಚಿದೆ. ಅದರಲ್ಲೂ ಒಂದಿಷ್ಟು ಪಕ್ಕಕ್ಕೆ ಸರಿಸಿದೆ. ಆಮೇಲೆ ಸರಿಸಿದ್ದನ್ನು ಮತ್ತೆ ಸೇರಿಸಿದೆ. ಹುಚ್ಚಿ ಅನ್ನಬೇಕು ನೋಡಿದವರು. ಈರುಳ್ಳಿ, ಕೊತ್ತಂಬರಿ, ಉಪ್ಪು, ಚೂರು ಡಾಲ್ಡಾ ಹಾಕಿ ನಾದುವಾಗ ಮನೆದೇವರಿಗೆ ಹರಕೆ ಹೊತ್ತೆ, ಬೈದೆ, ಮತ್ತೆ ಹರಕೆ ಹೊತ್ತೆ.

ನಿಂಗಿ ಹಸಿ ಹಿಟ್ಟಿಗೇ ಮೂಗು ಹಚ್ಚಿದಳು. "ಮೆಣಸಿನಕಾಯಿ ಐತೆ!" ಅಂದಳು. ತಾನೇ ಉಣ್ಣೆ ಬರಿಸಿದಳು. ಇವರು ಉದ್ದ ಹಿಡಿಯ ಹಲಗೆಯ ಮೇಲೆ ಕುರಿಯನ್ನು ಒಲೆಯೊಳಗೆ ಬಿಟ್ಟರು. ಅದು ಬೇಯುವವರೆಗೂ ಅವಳು ಒಲೆಯ ಮುಂದೆ, ನಾನು ಅವಳ ಹಿಂದೆ.

ಬಿಸಿಬಿಸಿ ಕುರಿಯ ಕಿವಿ ಮುರಿದು ಬಾಯಿಗಿಟ್ಟಳು. ಅಗಿದಳು. ನುಂಗಿದಳು. ಎರಡು ತಿಂಗಳಿಂದ ಸಪ್ಪೆ ತಿಂದ ನಾಲಿಗೆ, ಅಷ್ಟು ಖಾರಕ್ಕೇ ಕಣ್ಣಲ್ಲಿ ಮೂಗಲ್ಲಿ ನೀರು. "ಸಾಕು, ಕೊಡಿಲ್ಲಿ" ಎಂದು ನಾನು ಕೈ ಚಾಚಿದೆ. ಇವರು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು. ನಿಂಗಿ ನನ್ನನ್ನೇ ನೋಡುತ್ತಾ ಹುಸ್ ಹುಸ್ ಅನ್ನುತ್ತಾ ತಿಂದಳು. ಕಾಲು, ಬೆನ್ನು, ಬಾಲ, ತಲೆ. ತಟ್ಟೆಯಲ್ಲಿ ಉಳಿದ ಕೊತ್ತಂಬರಿ ಎಲೆಯನ್ನೂ ಬಿಡಲಿಲ್ಲ.

"ಅವ್ವ, ನಾನು ಹುಷಾರಾದೆ ಅಲ್ವಾ?"

"ಹೂಂ ಕಣವ್ವ, ಹುಷಾರಾದೆ" ಎಂದೆ. ಮೂಗು ಒರೆಸುವ ನೆಪದಲ್ಲಿ ಹಣೆ ಮುಟ್ಟಿ ನೋಡಿದೆ.

ಜೂನ್ ೨೮, ಶುಕ್ರವಾರ

ಬೆಳಿಗ್ಗೆ ಜ್ವರವಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಅಳತೊಡಗಿದಳು. ಮುಗಿಯಿತು ಎಂದುಕೊಂಡೆ. ಇವರನ್ನು ಬೈದೆ, ಡಾಕ್ಟರನ್ನು ಬೈದೆ, ಮೆಣಸಿನಕಾಯಿ ಬೆಳೆದವನನ್ನೂ ಬಿಡಲಿಲ್ಲ. ಬರಿಗಾಲಲ್ಲಿ ಮಗುವನ್ನು ಎತ್ತಿಕೊಂಡು ಕಾಂಪೌಂಡರ್ ಸಣ್ಣತಿಮ್ಮಪ್ಪನವರ ಮನೆಗೆ ಓಡಿದೆ.

ಅವರು ಹೊಟ್ಟೆ ಒತ್ತಿ ನೋಡಿ, "ಕಲ್ಲಾಗೈತಲ್ಲವ್ವ. ಏನ್ ತಿಂದೆ ಹೇಳು ಕೂಸೇ, ಹೆದರ್ಕಬ್ಯಾಡ" ಎಂದರು.

"ಮೂರು ಕುರಿ."

ಆ ಮನುಷ್ಯ ನನ್ನ ಮುಖ ನೋಡಿದರು. ನಾನು ಬಟ್ಟೆ ಒಗೆಯಲು ಹೋದಾಗ ಅಂಗಡಿಗೆ ನುಗ್ಗಿ, ಅಪ್ಪನನ್ನು ಕಾಡಿ, ಮಾರಲು ಮಾಡಿಟ್ಟಿದ್ದ ಮೂರು ಕುರಿ ಬನ್ನು ತಿಂದಿದ್ದಾಳೆ, ಮೇಲೆ ಒಂದು ಚೊಂಬು ನೀರು. ಓಮದ ಕಷಾಯ ಕುಡಿಸಿದರು. ಸಂಜೆಗೆ ಸರಿಹೋಯಿತು. ಸರಿಹೋದದ್ದೇ, "ಅವ್ವ, ಸಾರು ಏನೈತೆ?" ಎಂದಳು. ನಾನು ಕೂತುಕೊಂಡು ಅತ್ತುಬಿಟ್ಟೆ.

ಜುಲೈ ೨, ಮಂಗಳವಾರ

ಬೆಳಿಗ್ಗೆ ಏನು ತಿಂದಳೋ ಸರಿಯಾಗಿ ನೆನಪಿಲ್ಲ, ಅಂಗಡಿಯಲ್ಲಿ ಕೆಲಸ ಜಾಸ್ತಿ. ಚಂದ್ರಿಯ ಮನೆಯಲ್ಲಿ ರೊಟ್ಟಿ ಹುಚ್ಚೆಳ್ಳು ಚಟ್ನಿ ತಿಂದಳಂತೆ. ಅನ್ನಪೂರ್ಣಮ್ಮನೇ ಬೇಲಿಯ ಆಚೆಯಿಂದ ಕೂಗಿ ಹೇಳಿದರು. ಅವರಿಗೆ ನಾಲ್ಕು ಕುರಿ ಕೊಟ್ಟು ಕಳಿಸಿದೆ. ಹೊಸದಾಗಿ ಮೊಲ ಮಾಡುವುದು ಕಲಿತೆ. ಕಿವಿ ಮೊದಲು ಕರಕಲಾಗುತ್ತಿತ್ತು, ಈಗ ಕಿವಿಯನ್ನು ಬೆನ್ನ ಮೇಲೆ ಮಲಗಿಸುತ್ತೇನೆ.

ಜುಲೈ ೮, ಸೋಮವಾರ

ದುರ್ಗಕ್ಕೆ ಹೋಗಿಬಂದೆವು. ತೂಕ ಏರಿದೆ. ಅಡ್ಮಿಟ್ ಬೇಡ ಎಂದರು ಡಾಕ್ಟರು. ಮಕ್ಕಳ ವಾರ್ಡಿನ ಬಾಗಿಲ ಮುಂದೆಯೇ ಹಾದುಬಂದೆ. ನಿಂಗಿ ನನ್ನ ಕೈ ಎಳೆದುಕೊಂಡು ಓಡುತ್ತಿದ್ದಳು, "ಬಸ್ಸು ಹೋಗ್ತೈತೆ, ಬಿರ್ರನೆ ಹೋಗಾಣ ಬಾ" ಎಂದು. "ಬರೆದ ಪುಸ್ತಕ ತಂದಿದ್ದೀರಾ?" ಎಂದು ಡಾಕ್ಟರು ಕೇಳಿದ್ದರು. ಚೀಲದಲ್ಲೇ ಇತ್ತು. ಮರೆತು ಬಂದೆ ಎಂದೆ. ಅವರನ್ನೇ ಅಷ್ಟು ಬೈದು ಬರೆದಿದ್ದೇನೆ, ಹೇಗೆ ಕೊಡಲಿ?

ಜುಲೈ ೧೧, ಗುರುವಾರ

ಮಧ್ಯಾಹ್ನ ತಟ್ಟೆಗೆ ಕುರಿ ಜೋಡಿಸುತ್ತಿದ್ದೆವು. ನಿಂಗಿ ತಾನೇ ಒಂದು ಉಂಡೆ ಸಪ್ಪೆ ಹಿಟ್ಟು ತೆಗೆದುಕೊಂಡು ಬೇರೆ ಕುರಿಗಳಿಗಿಂತ ದೊಡ್ಡದೊಂದು ಮಾಡಿದಳು. ಕಾಲು ಸೊಟ್ಟ, ಒಂದು ಕಿವಿ ಉದ್ದ. ಉಣ್ಣೆ ಮಾತ್ರ ಬಿಡದೆ ಹೊಟ್ಟೆಯ ಕೆಳಗೂ ಬರಿಸಿದಳು.

"ಇದು ಯಾರಿಗವ್ವ, ಇಷ್ಟು ದೊಡ್ಡದು?" ಎಂದೆ.

"ಅಣ್ಣಂಗೆ. ಎಡೆ ಇಡಾಣ." ಹಾಗೆಂದು ಅದನ್ನು ನನ್ನ ಮುಂದೆ ಸರಿಸಿದಳು. "ನೀನು ಖಾರ ಹಾಕವ್ವ. ಅವನಿಗೆ ಕೊಡ್ಲೇ ಇಲ್ಲ ನೀನು."

ಇವರು ಒಲೆಯ ಕಡೆ ತಿರುಗಿಕೊಂಡರು. ಕೆಂಡ ಕೆದಕುವ ಹೊತ್ತಲ್ಲ ಅದು, ಆದರೂ ಕೆದಕುತ್ತಾ ನಿಂತರು.

ಅವಳು ಮಾಡಿದ ಕುರಿಯನ್ನು ಕೆಡಿಸಲು ಮನಸ್ಸು ಬರಲಿಲ್ಲ. ಹೊಟ್ಟೆಯನ್ನು ಮೆಲ್ಲಗೆ ಬಿಡಿಸಿ, ಮೂರು ಮೆಣಸಿನಕಾಯಿ ಹೆಚ್ಚಿ ಒಳಗೆ ತುಂಬಿ, ಮತ್ತೆ ಮುಚ್ಚಿದೆ. ನನ್ನ ಚಿತ್ರಲಿಂಗನಿಗೆ ಖಾರವೆಂದರೆ ಪ್ರಾಣ.